ರಾಜೌರಿಗೆ ದಾರಿ ತೆರೆದ ಚೆಂಡಿಯಾದ ರಾಣೆ

1948ರ ಏಪ್ರಿಲ್ 8, ಬೆಳಿಗ್ಗೆ 11 ಗಂಟೆ. ಜಮ್ಮು ಸೀಮೆಯ ನೌಶೇರಾದಿಂದ ರಾಜೌರಿಗೆ ಹೋಗುವ ಗುಡ್ಡಗಾಡು ರಸ್ತೆಯಲ್ಲಿ, ಟ್ಯಾಂಕುಗಳ ಪಕ್ಕ ಸೈನಿಕರ ಒಂದು ಚಿಕ್ಕ ತಂಡ ಕಾದು ನಿಂತಿತ್ತು. ಮುಂದಿನ ರಸ್ತೆಯಲ್ಲಿ ವೈರಿಗಳು ಹುಗಿದಿಟ್ಟ ನೆಲಬಾಂಬ್‌ಗಳನ್ನು ಕಿತ್ತು, ಟ್ಯಾಂಕುಗಳಿಗೆ ದಾರಿ ಮಾಡಿಕೊಡುವುದು ಆ ತಂಡದ ಕೆಲಸ. ಕೆಲಸಕ್ಕೆ ಕೈ ಹಚ್ಚುವ ಮೊದಲೇ ಎದುರಿನ ಗುಡ್ಡಗಳಿಂದ ಮಾರ್ಟರ್ ದಾಳಿ ಶುರುವಾಯಿತು. ತಂಡದ ಇಬ್ಬರು ಸತ್ತರು. ಐವರು ಗಾಯಗೊಂಡರು. ಆ ಐವರಲ್ಲಿ ತಂಡದ ಮುಂದಾಳು, ಸೆಕೆಂಡ್ ಲೆಫ್ಟಿನೆಂಟ್ ರಾಮಾ ರಾಘೋಬಾ ರಾಣೆಯವರೂ ಇದ್ದರು.

ಅವರಿಗೆ ಆಗ 29 ವರ್ಷ. ಅಧಿಕಾರಿಯಾಗಿ ನಾಲ್ಕು ತಿಂಗಳೂ ತುಂಬಿರಲಿಲ್ಲ. ಗಾಯದ ನೆಪದಲ್ಲಿ ಹಿಂದಕ್ಕೆ ಹೋಗಿದ್ದರೆ ಯಾರೂ ಬೆರಳು ತೋರಿಸುತ್ತಿರಲಿಲ್ಲ. ಅವರು ಹೋಗಲಿಲ್ಲ. ಉಳಿದವರನ್ನು ಒಟ್ಟುಗೂಡಿಸಿ, ಯಾರು ಏನು ಮಾಡಬೇಕೆಂದು ಮತ್ತೆ ಹಂಚಿಕೊಟ್ಟು, ಮಾಡಬೇಕಾದ ಕೆಲಸಕ್ಕೆ ಇಳಿದರು. ಅಲ್ಲಿಂದ ಏಪ್ರಿಲ್ 11ರ ರಾತ್ರಿ 10 ಗಂಟೆಯವರೆಗೆ, ನಾಲ್ಕು ದಿನ, ಗುಂಡು ಹಾರುತ್ತಿರುವಾಗಲೇ ಅವರ ತಂಡ ರಸ್ತೆ ಬಿಡಿಸುತ್ತಲೇ ಹೋಯಿತು. ಆ ರಸ್ತೆಯ ಮೇಲೆ ನಡೆದುಹೋದ ಸೇನೆ ಏಪ್ರಿಲ್ 12ರಂದು ರಾಜೌರಿಯನ್ನು ಸೇರಿತು. ಈ ಸಾಹಸಕ್ಕಾಗಿ ರಾಣೆಯವರಿಗೆ ಪರಮವೀರ ಚಕ್ರ ಸಂದಿತು.

ರಾಣೆ ನಮ್ಮ ಕಾರವಾರದ ಮಗ. ಅವರ ಹೆಸರು ಕೇಳಿದವರು ನಮ್ಮಲ್ಲಿ ಸಾಕಷ್ಟು ಜನರಿದ್ದಾರೆ. ಅವರು ಮಾಡಿದ್ದೇನು ಎಂಬುದನ್ನು ಬಿಡಿಬಿಡಿಯಾಗಿ ಬಲ್ಲವರು ಕಡಿಮೆ. ಅದನ್ನು ಬಿಡಿಸಿ ನೋಡಿದಾಗಲೇ ಅವರ ಶೌರ್ಯ ಎಂಥದ್ದು ಎಂಬುದು ಗೊತ್ತಾಗುತ್ತದೆ.

ಕಡಲೂರಿನ ಹುಡುಗ

ಕಾರವಾರದ ದಕ್ಷಿಣಕ್ಕೆ, ಅಂಕೋಲೆಯತ್ತ ಸಾಗುವಾಗ ಸಿಗುವ ಕರಾವಳಿಯ ಹಳ್ಳಿ ಚೆಂಡಿಯಾ ರಾಣೆಯವರ ಊರು. ಅವರು ಹುಟ್ಟಿದ್ದು 1918ರ ಜೂನ್ 26ರಂದು. ತಂದೆ ರಾಘೋಬಾ ರಾಣೆ ಪೊಲೀಸ್ ಕಾನ್‌ಸ್ಟೆಬಲ್. ಆಗ ಉತ್ತರ ಕನ್ನಡ ಜಿಲ್ಲೆ ಮುಂಬೈ ಪ್ರಾಂತ್ಯಕ್ಕೆ ಸೇರಿತ್ತು. ತಂದೆಗೆ ವರ್ಗಾವಣೆಯಾದ ಕಡೆಯಲ್ಲೆಲ್ಲ ಮಗನ ಶಾಲೆಯೂ ಬದಲಾಗುತ್ತಿತ್ತು.

1930ರಲ್ಲಿ ಹುಡುಗನಿಗೆ ಹನ್ನೆರಡು ವರ್ಷ. ಅದೇ ವರ್ಷ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆದು ಇಡೀ ಜಿಲ್ಲೆಯೇ ಎದ್ದು ನಿಂತಿತ್ತು. ಗಾಂಧೀಜಿಯ ಚಳವಳಿ ರಾಣೆಯವರನ್ನೂ ಸೆಳೆಯಿತು. ಸರ್ಕಾರಿ ನೌಕರಿಯಲ್ಲಿದ್ದ ತಂದೆಗೆ ಇದರಿಂದ ಕಳವಳವಾಗಿ, ಅವರು ಸಂಸಾರವನ್ನು ಚೆಂಡಿಯಾಕ್ಕೆ ಕರೆತಂದರು ಎಂದು ರಾಣೆಯವರ ಜೀವನಚರಿತ್ರೆಗಳು ಹೇಳುತ್ತವೆ. ಹತ್ತು ವರ್ಷಗಳ ಬಳಿಕ, 1940ರ ಜುಲೈಯಲ್ಲಿ, ಅದೇ ಹುಡುಗ ಸೇನೆ ಸೇರಿದರು. ಎರಡನೇ ಮಹಾಯುದ್ಧ ಆಗ ನಡೆಯುತ್ತಿತ್ತು. ಅವರು ಸೇರಿದ್ದು ಬಾಂಬೆ ಎಂಜಿನಿಯರ್ಸ್ ಪಡೆಗೆ, ಅಂದರೆ ಪುಣೆಯ ಖಡ್ಕಿಯಲ್ಲಿ ನೆಲೆಯಿರುವ ಬಾಂಬೆ ಸ್ಯಾಪರ್ಸ್‌ಗೆ. ತರಬೇತಿಯಲ್ಲೇ ಅತ್ಯುತ್ತಮ ಅಭ್ಯರ್ಥಿ ಎನಿಸಿಕೊಂಡರು.

ಸ್ಯಾಪರ್ ಎಂಬ ಹೆಸರು ಬೆಂಗಳೂರಿನವರಿಗೆ ಹೊಸದಲ್ಲ. ಹಲಸೂರು ಕೆರೆಯ ಬದಿಯಲ್ಲೇ ಮದ್ರಾಸ್ ಸ್ಯಾಪರ್ಸ್ ಕೇಂದ್ರವಿದೆ. ಸೇನೆಯ ಎಂಜಿನಿಯರ್ ದಳದ ಸೈನಿಕರು ಇವರು. ಸೇತುವೆ ಕಟ್ಟುವುದು, ರಸ್ತೆ ಹಾಕುವುದು, ವೈರಿ ಹುಗಿದ ಬಾಂಬ್ ಕೀಳುವುದು, ವೈರಿ ಬರುವ ದಾರಿಯಲ್ಲಿ ತಾವೇ ಬಾಂಬ್ ಹುಗಿಯುವುದು, ಸೇನೆ ಹಿಂದೆ ಸರಿಯುವಾಗ ಉಳಿದ ಸರಕು ವೈರಿಯ ಕೈಗೆ ಸಿಗದಂತೆ ನಾಶಮಾಡುವುದು ಎಲ್ಲವೂ ಇವರ ಪಾಲಿನ ಕೆಲಸ.

ಈ ಕೊನೆಯ ಕೆಲಸ ಬರ್ಮಾದಲ್ಲಿ ರಾಣೆಯವರ ಪಾಲಿಗೆ ಬಂತು. 26ನೇ ಇನ್‌ಫೆಂಟ್ರಿ ಡಿವಿಷನ್ನಿನ 28ನೇ ಫೀಲ್ಡ್ ಕಂಪನಿಯಲ್ಲಿದ್ದ ಅವರು ಅರಾಕಾನ್ ಪ್ರದೇಶದಲ್ಲಿ ಜಪಾನಿ ಸೇನೆಯ ಎದುರು ದುಡಿದರು. ಸೇನೆ ಹಿಂದೆಗೆದಾಗ ಮದ್ದುಗುಂಡು ಮತ್ತು ವಾಹನಗಳನ್ನು ಹಾಳುಗೆಡವಲು ಅವರನ್ನೂ ಕೆಲವು ಸಂಗಾತಿಗಳನ್ನೂ ಹಿಂದೆ ಬಿಡಲಾಯಿತು. ಕೆಲಸ ಮುಗಿದ ಮೇಲೆ ನೌಕಾಪಡೆಯವರು ಬಂದು ಕರೆದೊಯ್ಯಬೇಕಿತ್ತು. ಅದು ಆಗಲಿಲ್ಲ. ಜಪಾನಿಯರು ಗಸ್ತು ತಿರುಗುತ್ತಿದ್ದ ಹೊಳೆಯನ್ನು ರಾಣೆ ಮತ್ತು ಸಂಗಾತಿಗಳು ತಾವಾಗಿಯೇ ದಾಟಿ, ತಮ್ಮ ಪಡೆಯನ್ನು ಬಂದು ಸೇರಿಕೊಂಡರು. ಅವರಿಗೆ ಹವಾಲ್ದಾರ್ ಪದವಿಗೆ ಬಡ್ತಿ ಸಿಕ್ಕಿತು. 1947ರ ಡಿಸೆಂಬರ್ 15ರಂದು, ಸ್ವತಂತ್ರ ಭಾರತದ ಸೇನೆಯಲ್ಲಿ, ಸೆಕೆಂಡ್ ಲೆಫ್ಟಿನೆಂಟ್ ಆದರು. ನೌಶೇರಾಕ್ಕೆ ಬಂದಾಗ ಅವರು ಹೊಸ ಅಧಿಕಾರಿ, ಆದರೆ ಏಳೂವರೆ ವರ್ಷ ಪಳಗಿದ ಸೈನಿಕ. ಅಲ್ಲಿ ಅವರಿದ್ದದ್ದು 37ನೇ ಅಸಾಲ್ಟ್ ಫೀಲ್ಡ್ ಕಂಪನಿಯಲ್ಲಿ.

ರಸ್ತೆಯೇ ಯುದ್ಧ

ಕಾಶ್ಮೀರಕ್ಕಾಗಿ ನಡೆದ ಭಾರತ-ಪಾಕಿಸ್ತಾನ ಯುದ್ಧದಲ್ಲಿ, 1947ರ ನವೆಂಬರಿನಲ್ಲಿ, ರಾಜೌರಿ ಪಾಕಿಸ್ತಾನದ ಬೆಂಬಲವಿದ್ದ ದಾಳಿಕೋರರ ಕೈಗೆ ಬಿದ್ದಿತ್ತು. ಪಟ್ಟಣದಲ್ಲಿ ಭೀಕರ ಹತ್ಯಾಕಾಂಡ ನಡೆದಿತ್ತು. ಸಾವಿರಾರು ಜನ ಅಲ್ಲೇ ಸಿಕ್ಕಿಬಿದ್ದಿದ್ದರು. ಡಿಸೆಂಬರ್ 24ರಂದು ನೌಶೇರಾ ಬಳಿಯ ಝಂಗಡ್ ಕೂಡ ಕೈತಪ್ಪಿತು. 1948ರ ಫೆಬ್ರುವರಿ 6ರಂದು ನೌಶೇರಾದ ಮೇಲೆ ಬಿದ್ದ ದೊಡ್ಡ ದಾಳಿಯನ್ನು ಬ್ರಿಗೇಡಿಯರ್ ಮೊಹಮ್ಮದ್ ಉಸ್ಮಾನ್ ಅವರ ಪಡೆ ಹಿಮ್ಮೆಟ್ಟಿಸಿತು. ಅದೇ ದಿನ ಅಲ್ಲಿನ ತೈನ್‌ಧಾರ್ ಠಾಣೆಯನ್ನು ಉಳಿಸುತ್ತ ನಾಯಕ್ ಜದುನಾಥ್ ಸಿಂಗ್ ಪ್ರಾಣ ಕೊಟ್ಟರು. ಅವರಿಗೆ ಮರಣೋತ್ತರ ಪರಮವೀರ ಚಕ್ರ ಬಂತು. ಮಾರ್ಚ್ 18ರಂದು ಝಂಗಡ್ ಮತ್ತೆ ನಮ್ಮದಾಯಿತು. ಮುಂದಿನ ಗುರಿ ರಾಜೌರಿ.

ನೌಶೇರಾದಿಂದ ರಾಜೌರಿಗೆ ಇದ್ದ ದಾರಿ, ಹಿಂದೆ ಮೊಘಲ್ ದೊರೆಗಳು ಕಾಶ್ಮೀರಕ್ಕೆ ಹೋಗಿಬರುತ್ತಿದ್ದ ಹಳೆಯ ಮಾರ್ಗ. ನಡುವೆ ಸಿಗುವ ಚಿಂಗಸ್‌ನಲ್ಲಿ ಆ ಕಾಲದ ಸರಾಯ್ (ತಂಗುದಾಣ) ಇಂದಿಗೂ ಉಳಿದಿದೆ. ಒಂದು ಮಗ್ಗುಲಿಗೆ ತವಿ ಹೊಳೆ, ಇನ್ನೊಂದು ಮಗ್ಗುಲಿಗೆ ಗುಡ್ಡ, ಗುಡ್ಡವನ್ನು ಸುತ್ತಿಕೊಂಡು ಹೋಗುವ ಇಕ್ಕಟ್ಟಾದ ರಸ್ತೆ. ಇಂಥ ಕಡೆ ಟ್ಯಾಂಕು ರಸ್ತೆಯಿಂದ ಇಳಿದು ಬೇಕಾದ ಕಡೆ ತಿರುಗಲಾರದು. ರಸ್ತೆ ಕಟ್ಟಿದರೆ ಸೇನೆಯೇ ನಿಂತಂತೆ. ಈ ಗುಟ್ಟು ವೈರಿಗಳಿಗೆ ಚೆನ್ನಾಗಿ ಗೊತ್ತಿತ್ತು. ದಾರಿಯುದ್ದಕ್ಕೂ ದೊಡ್ಡ ದೊಡ್ಡ ಪೈನ್ ಮರಗಳನ್ನು ಕಡಿದು ಅಡ್ಡ ಬೀಳಿಸಿದ್ದರು. ಮರಗಳ ಸುತ್ತ ನೆಲಬಾಂಬ್ ಹುಗಿದಿದ್ದರು. ಮೋರಿಗಳನ್ನು ಸ್ಫೋಟಿಸಿದ್ದರು. ರಸ್ತೆಯ ಅಂಚನ್ನು ಒಡೆದು ಕೆಳಕ್ಕೆ ತಳ್ಳಿದ್ದರು. ಇಷ್ಟು ಮಾಡಿ, ಪ್ರತಿ ತಡೆಯ ಮೇಲೂ ಗುಡ್ಡದ ನೆತ್ತಿಯಿಂದ ಮೆಷಿನ್ ಗನ್ ಗುರಿಯಿಟ್ಟು ಕೂತಿದ್ದರು. ಬಿಡಿಸಲು ಬಂದವನನ್ನು ಮುಗಿಸುವುದೇ ಆ ತಡೆಗಳ ಉದ್ದೇಶವಾಗಿತ್ತು.

ನೌಶೇರಾದಿಂದ 11 ಕಿಲೊಮೀಟರ್ ಉತ್ತರಕ್ಕಿದ್ದ ಬರ್ವಾಲಿ ಏಣನ್ನು 4ನೇ ಡೋಗ್ರಾ ಪಡೆ ಏಪ್ರಿಲ್ 8ರ ಸಂಜೆಯ ಹೊತ್ತಿಗೆ ಗೆದ್ದುಕೊಂಡಿತು. ಅಲ್ಲಿಂದ ಮುಂದಕ್ಕೆ ಕಾಲಾಳುಗಳೂ ಟ್ಯಾಂಕುಗಳೂ ಸ್ಯಾಪರ್‌ಗಳ ಕೈ ನೋಡಿಕೊಂಡೇ ಹೆಜ್ಜೆಯಿಡಬೇಕಾಯಿತು.

ನಾಲ್ಕು ದಿನಗಳ ಕೆಲಸ

ರಾಣೆಯವರ ಪರಮವೀರ ಚಕ್ರದ ಪ್ರಶಸ್ತಿಪತ್ರ ಗಂಟೆಗಂಟೆಯ ಲೆಕ್ಕವಿರುವ ದಾಖಲೆ. ಅದನ್ನು ಓದುವಾಗ ಯುದ್ಧದ ವರ್ಣನೆಗಿಂತ ಕೆಲಸದ ದಿನಚರಿ ಓದಿದ ಅನುಭವವಾಗುತ್ತದೆ.

ಏಪ್ರಿಲ್ 8ರಂದು ಇಬ್ಬರನ್ನು ಕಳೆದುಕೊಂಡ ಮೇಲೂ ಇಡೀ ದಿನ ರಾಣೆ ಟ್ಯಾಂಕುಗಳ ಹತ್ತಿರವೇ ಇದ್ದರು. ಸಂಜೆ ನಾಲ್ಕೂವರೆಗೆ ಬರ್ವಾಲಿ ಕೈಗೆ ಬಂತು. ಆಸುಪಾಸಿನಲ್ಲಿ ವೈರಿಗಳು ಇನ್ನೂ ಇದ್ದಾರೆ ಎಂಬುದು ತಿಳಿದೂ ಅವರು ತಂಡವನ್ನು ಮುಂದಕ್ಕೆ ಕರೆದೊಯ್ದು, ಟ್ಯಾಂಕು ಸಾಗಲು ಬದಲಿ ದಾರಿ ಕಡಿಯತೊಡಗಿದರು. ವೈರಿಯ ಕಣ್ಣೆದುರಿಗೇ ರಾತ್ರಿ 10ರವರೆಗೆ ಆ ಕೆಲಸ ನಡೆಯಿತು.

9ರಂದು ಬೆಳಿಗ್ಗೆ 6ಕ್ಕೆ ಮತ್ತೆ ಶುರು. ಮಧ್ಯಾಹ್ನ 3ಕ್ಕೆ ಬದಲಿ ದಾರಿ ಸಿದ್ಧವಾಯಿತು. ಟ್ಯಾಂಕುಗಳ ಸಾಲು ಹೊರಟಾಗ ಎಲ್ಲಕ್ಕಿಂತ ಮುಂದಿನ ಕ್ಯಾರಿಯರ್ ವಾಹನವನ್ನು ರಾಣೆ ಹತ್ತಿದರು. ಅರ್ಧ ಮೈಲಿ ಹೋಗುವಷ್ಟರಲ್ಲಿ ಪೈನ್ ಮರಗಳ ತಡೆ. ಇಳಿದರು, ಸಿಡಿಮದ್ದು ಇಟ್ಟರು, ಮರಗಳನ್ನು ಹಾರಿಸಿದರು. ಮುನ್ನೂರು ಗಜ ದಾಟುವಷ್ಟರಲ್ಲಿ ಮತ್ತೊಂದು ತಡೆ, ಮತ್ತೆ ಅದೇ ಕೆಲಸ. ಸಂಜೆ 5ರ ಹೊತ್ತಿಗೆ, ಗುಡ್ಡದ ತಿರುವಿನಲ್ಲಿ, ಮೋರಿಯೇ ಸ್ಫೋಟಗೊಂಡು ರಸ್ತೆ ಕಡಿದುಹೋಗಿತ್ತು. ಕೆಲಸ ಶುರುಮಾಡುವ ಮೊದಲೇ ಮೆಷಿನ್ ಗನ್ನುಗಳು ಮೊರೆದವು. ಆ ಗುಂಡುಗಳ ನಡುವೆಯೇ ಬಳಸುದಾರಿ ಸಿದ್ಧವಾಗಿ ಸಾಲು ಮುಂದಕ್ಕೆ ಹೋಯಿತು. 6.15ಕ್ಕೆ ಕತ್ತಲು ಕವಿಯತೊಡಗಿದಾಗ ಎದುರಾದದ್ದು ಎಲ್ಲಕ್ಕಿಂತ ದೊಡ್ಡ ತಡೆ: ಐದು ಭಾರಿ ಪೈನ್ ಮರಗಳು, ಸುತ್ತಲೂ ನೆಲಬಾಂಬ್, ಮೇಲಿನಿಂದ ಮೆಷಿನ್ ಗನ್. ರಾಣೆ ಬಾಂಬ್ ಕೀಳಲು ಮುಂದಾದರು. ಆದರೆ ಟ್ಯಾಂಕು ಸಾಲಿನ ಕಮಾಂಡರ್ ಪರಿಸ್ಥಿತಿ ನೋಡಿ, ಆ ರಾತ್ರಿಗೆ ವಾಹನಗಳನ್ನು ಸುರಕ್ಷಿತ ಜಾಗಕ್ಕೆ ಸರಿಸಿದರು.

10ರಂದು ಬೆಳಗಿನ ಜಾವ 4.45ಕ್ಕೆ ರಾಣೆ ಅದೇ ಐದು ಮರಗಳ ಮುಂದೆ ಇದ್ದರು. ಗುಂಡು ಹಾರುತ್ತಲೇ ಇತ್ತು, ಕೆಲವು ಟ್ಯಾಂಕುಗಳು ಬೆಂಬಲಕ್ಕೆ ನಿಂತಿದ್ದವು. 6.30ರ ಹೊತ್ತಿಗೆ ದಾರಿ ತೆರೆಯಿತು. ಮುಂದಿನ ಸಾವಿರ ಗಜದ ತುಂಬ ತಡೆಗಳು, ಒಡೆದ ಒಡ್ಡುಗಳು. 10.30ಕ್ಕೆ ಅವೂ ಮುಗಿದವು. ಟ್ಯಾಂಕುಗಳು ರಸ್ತೆ ಬಿಟ್ಟು ತವಿ ಹೊಳೆಯ ಪಾತ್ರಕ್ಕೆ ಇಳಿದು, ಮಧ್ಯಾಹ್ನ 2ಕ್ಕೆ ಚಿಂಗಸ್ ತಲುಪಿದವು.

ಇಲ್ಲಿಗೆ ತಮ್ಮ ಕೆಲಸ ಮುಗಿಯಿತು ಎಂದು ರಾಣೆ ಕೂರಬಹುದಿತ್ತು. ಟ್ಯಾಂಕೇನೋ ಹೊಳೆಯಲ್ಲಿ ಹೋಗಬಲ್ಲದು. ಹಿಂದೆ ಬರುವ ಆಹಾರದ ಲಾರಿ, ಮದ್ದುಗುಂಡಿನ ಲಾರಿ, ಗಾಯಾಳುಗಳ ವಾಹನ ಹೋಗಬೇಕಾದರೆ ರಸ್ತೆಯೇ ಬೇಕು. ಸರಬರಾಜು ತಲುಪದಿದ್ದರೆ ಮುಂದೆ ಹೋದ ಪಡೆ ಒಂಟಿಯಾಗುತ್ತದೆ. ಅದನ್ನು ಅರಿತಿದ್ದ ರಾಣೆ ಊಟ, ವಿಶ್ರಾಂತಿ ಎರಡನ್ನೂ ಬಿಟ್ಟು ರಾತ್ರಿ 9ರವರೆಗೆ ರಸ್ತೆ ಬಿಡಿಸಿದರು. 11ರಂದು ಬೆಳಿಗ್ಗೆ 6ಕ್ಕೆ ಮತ್ತೆ ಹಿಡಿದು, 11 ಗಂಟೆಗೆ ಚಿಂಗಸ್‌ವರೆಗಿನ ರಸ್ತೆಯನ್ನು ತೆರೆದರು. ರಾತ್ರಿ 10ರವರೆಗೆ ಅದರಾಚೆಯ ರಸ್ತೆಯ ಕೆಲಸ.

ಈ ಗಂಟೆಗಳನ್ನೆಲ್ಲ ಕೂಡಿಸಿದರೆ, ನಾಲ್ಕು ದಿನಗಳಲ್ಲಿ ಸುಮಾರು 55 ಗಂಟೆಗಳಾಗುತ್ತವೆ. ಅಷ್ಟೂ ಹೊತ್ತು ಮೈಮೇಲೆ ಮೊದಲ ದಿನದ ಗಾಯ.

ಟ್ಯಾಂಕಿನ ಅಡಿಯಲ್ಲಿ

ರಾಣೆಯವರ ಬಗ್ಗೆ ಬರೆದ ಹಲವರು ಹೇಳುವ ಇನ್ನೊಂದು ಸಂಗತಿಯಿದೆ. ಸುತ್ತಲಿನ ಗುಡ್ಡಗಳೆಲ್ಲ ವೈರಿಗಳ ಕೈಯಲ್ಲಿದ್ದು, ತಡೆಯ ಹತ್ತಿರ ಸುಳಿಯುವುದೇ ಅಸಾಧ್ಯವಾದಾಗ, ರಾಣೆ ಟ್ಯಾಂಕನ್ನೇ ಮರೆಯಾಗಿ ಮಾಡಿಕೊಂಡರು. ಮುಂದಿನ ಟ್ಯಾಂಕಿನ ಅಡಿಗೆ ನುಸುಳಿ, ಅದರೊಂದಿಗೇ ತೆವಳುತ್ತ ತಡೆಯನ್ನು ತಲುಪಿ, ಅಲ್ಲಿಂದಲೇ ಕೆಲಸ ಮಾಡಿದರು. ಟ್ಯಾಂಕಿನ ಚಾಲಕನಿಗೆ ಅಡಿಯಲ್ಲಿರುವವರು ಕಾಣುವುದಿಲ್ಲ, ಎಂಜಿನ್ನಿನ ಸದ್ದಿನಲ್ಲಿ ಕೂಗು ಕೇಳುವುದಿಲ್ಲ. ಅದಕ್ಕಾಗಿ ಎರಡು ಹಗ್ಗಗಳ ಏರ್ಪಾಡು ಮಾಡಿಕೊಂಡಿದ್ದರಂತೆ: ಒಂದನ್ನು ಎಳೆದರೆ ಮುಂದಕ್ಕೆ, ಇನ್ನೊಂದನ್ನು ಎಳೆದರೆ ನಿಲ್ಲು.

ಅಲ್ಲಿ ಬಳಕೆಯಾದ ಸ್ಟುವರ್ಟ್ ಹಗುರ ಟ್ಯಾಂಕಿನ ತಳಕ್ಕೂ ನೆಲಕ್ಕೂ ಇರುವ ಅಂತರ ಒಂದೂವರೆ ಅಡಿಗಿಂತಲೂ ಕಡಿಮೆ. ಹಗುರ ಎಂಬುದು ಹೆಸರಿಗಷ್ಟೇ, ಅದರ ತೂಕ 12 ಟನ್ನಿಗೂ ಹೆಚ್ಚು. ಎರಡೂ ಬದಿಗೆ ಉರುಳುವ ಉಕ್ಕಿನ ಪಟ್ಟಿ. ಮೇಲೆ ಕಾದ ಕಬ್ಬಿಣ. ಅಂಗಾತ ತಿರುಗಲೂ ಜಾಗ ಸಾಲದ ಆ ಸಂದಿಯಲ್ಲಿ ಮೊಣಕೈ ಊರಿ ತೆವಳಬೇಕು. ಎದುರಿಗೆ ಹುಗಿದ ಬಾಂಬ್, ಹೊರಗೆ ಗುಂಡು, ಚಾಲಕ ಒಂದು ಕ್ಷಣ ಎಡವಟ್ಟು ಮಾಡಿದರೆ ತನ್ನದೇ ಟ್ಯಾಂಕು. ಮೂರೂ ಕಡೆ ಸಾವಿದ್ದ ಆ ಜಾಗದಲ್ಲಿ ರಾಣೆಯವರಿಗೆ ಬೇಕಾಗಿದ್ದದ್ದು ನಡುಗದ ಕೈಗಳು.

ನೆಲಬಾಂಬ್ ಕೀಳುವ ವಿಧಾನವನ್ನು ಸ್ವಲ್ಪ ತಿಳಿದರೆ ಇದರ ತೂಕ ಇನ್ನಷ್ಟು ಮನಸ್ಸಿಗೆ ಇಳಿಯುತ್ತದೆ. ಆಗಿನ ಕಾಲದ ಸ್ಯಾಪರ್‌ನ ನಂಬಿಕೆಯ ಸಲಕರಣೆ ಬಯೊನೆಟ್. ಅದನ್ನು ನೆಟ್ಟಗೆ ಚುಚ್ಚುವಂತಿಲ್ಲ, ಬಾಂಬಿನ ನೆತ್ತಿಗೆ ತಾಗಿದರೆ ಸಿಡಿಯುತ್ತದೆ. ಓರೆಯಾಗಿ, ಗೆಣಸು ಬೆಂದಿದೆಯೇ ಎಂದು ಕಡ್ಡಿ ಚುಚ್ಚಿ ನೋಡುವಷ್ಟು ಹಗುರವಾಗಿ, ಮಣ್ಣಿನೊಳಗೆ ಇಳಿಸಬೇಕು. ಗಟ್ಟಿ ಸಿಕ್ಕರೆ ಅಲ್ಲಿಗೇ ನಿಲ್ಲಿಸಿ, ಸುತ್ತಲಿನ ಮಣ್ಣನ್ನು ಬೆರಳಿನಿಂದ ಬಿಡಿಸಬೇಕು. ಅದು ಬರಿಯ ಕಲ್ಲೂ ಆಗಿರಬಹುದು. ಬಾಂಬೇ ಆಗಿದ್ದರೆ, ಎತ್ತಿದೊಡನೆ ಸಿಡಿಯುವಂತೆ ಅಡಿಯಲ್ಲಿ ಇನ್ನೊಂದು ಸಿಡಿಮದ್ದು ಇಟ್ಟಿದ್ದಾರೆಯೇ ಎಂದು ತಡಕಬೇಕು. ಆಮೇಲೆ ಸಿಡಿಯುವ ಭಾಗವನ್ನು ಬಿಡಿಸಬೇಕು. ಮುಗಿದ ಮೇಲೆ ಒಂದು ಅಂಗೈ ಅಗಲ ಮುಂದೆ ಸರಿದು ಮೊದಲಿನಿಂದ ಶುರು. ಅವಸರ ಮಾಡಿದವನು ಉಳಿಯುವುದಿಲ್ಲ. ಮೆಷಿನ್ ಗನ್ನಿನ ಎದುರು ಮನುಷ್ಯನ ಮೈ ಬೇಡುವುದೇ ಅವಸರವನ್ನು. ಓಡು, ಅಡಗು, ತಿರುಗಿ ಹೊಡೆ ಎಂದು ರಕ್ತವೇ ಕೂಗುತ್ತಿರುವಾಗ ಕೈಯನ್ನು ನಿಧಾನಕ್ಕೆ ಒಪ್ಪಿಸುವುದು ಸಾಮಾನ್ಯ ಸಂಯಮವಲ್ಲ.

ಕೈಯಲ್ಲಿ ಬಂದೂಕಿಲ್ಲದ ಶೌರ್ಯ

ವೀರರ ಕಥೆ ಹೇಳುವುದರಲ್ಲಿ ನಮ್ಮ ನಾಡು ಹಳೆಯ ಕೈ. ಊರೂರಿನ ವೀರಗಲ್ಲುಗಳಲ್ಲಿ ತುರು ಕಾಯಲು, ಊರು ಉಳಿಸಲು ಹೋರಾಡಿ ಸತ್ತವರನ್ನು ಕಾಣುತ್ತೇವೆ. ಆ ಕಲ್ಲುಗಳ ಮೇಲೆ ಕತ್ತಿ ಎತ್ತಿದ ಕೈ ಇರುತ್ತದೆ, ಬಿಲ್ಲು ಎಳೆದ ಭುಜ ಇರುತ್ತದೆ. ನಮ್ಮ ಕಲ್ಪನೆಯಲ್ಲೂ ವೀರನೆಂದರೆ ಎದುರಾಳಿಯನ್ನು ಹೊಡೆದವನು. ಆ ಶೌರ್ಯ ದೊಡ್ಡದೇ. ರಾಣೆಯವರದು ಅದಕ್ಕಿಂತ ಬೇರೆ ಬಗೆಯದು. ಪ್ರಶಸ್ತಿಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಓದಿದರೂ ಅವರು ಯಾರ ಮೇಲಾದರೂ ಗುಂಡು ಹಾರಿಸಿದ ಮಾತು ಸಿಗುವುದಿಲ್ಲ. ಸಿಗುವುದು ಕಿತ್ತ ಬಾಂಬ್‌ಗಳು, ಸರಿಸಿದ ಮರಗಳು, ಕಡಿದ ಬಳಸುದಾರಿಗಳು.

ತಿರುಗಿ ಹೊಡೆಯುವವನಿಗೆ ಆ ಹೊಡೆತವೇ ಒಂದು ಆಸರೆ. ಬಂದೂಕಿನ ಸದ್ದು ಭಯವನ್ನು ಅಷ್ಟಿಷ್ಟು ಮರೆಸುತ್ತದೆ. ಮಣ್ಣಿನ ಮೇಲೆ ಕಣ್ಣು ನೆಟ್ಟು ಕೂತ ಸ್ಯಾಪರ್‌ಗೆ ಆ ಆಸರೆಯಿಲ್ಲ. ಅವನ ಎರಡೂ ಕೈ ಕೆಲಸದಲ್ಲಿ ಸಿಕ್ಕಿವೆ. ತನ್ನ ಜೀವವನ್ನು ಅವನು ಹಿಂದಿರುವ ಟ್ಯಾಂಕಿನವನಿಗೂ ಬದಿಯ ಗುಡ್ಡದಲ್ಲಿರುವ ಕಾಲಾಳಿಗೂ ಒಪ್ಪಿಸಿ ಬಂದಿದ್ದಾನೆ. ಅವರು ಇವನನ್ನು ಕಾಯುತ್ತಾರೆ, ಇವನು ಅವರಿಗೆ ದಾರಿ ಮಾಡುತ್ತಾನೆ. ಆದ್ದರಿಂದ ರಾಣೆಯವರ ಹೆಸರು ಹೇಳುವಾಗ, ಆ ಮೊದಲ ದಿನವೇ ಪ್ರಾಣ ಬಿಟ್ಟ ಇಬ್ಬರನ್ನೂ, ಗಾಯಗೊಂಡವರನ್ನೂ, ಕೊನೆಯವರೆಗೆ ಜೊತೆಗೆ ಮಣ್ಣು ಅಗೆದವರನ್ನೂ ನೆನೆಯಬೇಕು. ನಾಯಕನಾದವನು ಮುಂದೆ ನಿಂತು ತೋರಿಸಿದ್ದರಿಂದ ಅವರು ಕೈಬಿಡಲಿಲ್ಲ. ಅವರು ಕೈಬಿಡದೆ ಇದ್ದದ್ದರಿಂದಲೇ ನಾಯಕನ ಹಟವೂ ಫಲ ಕೊಟ್ಟಿತು.

ಇನ್ನೊಂದು ಮಾತು. ಯುದ್ಧಭೂಮಿಯ ಎಷ್ಟೋ ಸಾಹಸಗಳು ಕೆಲವೇ ನಿಮಿಷಗಳಲ್ಲಿ ನಡೆದುಹೋಗುತ್ತವೆ. ಆವೇಶ ಆ ನಿಮಿಷಗಳನ್ನು ದಾಟಿಸಬಲ್ಲದು. ನಾಲ್ಕು ದಿನ ಆವೇಶದಿಂದ ಸಾಗುವುದಿಲ್ಲ. ಪ್ರತಿ ರಾತ್ರಿ ಮಲಗುವಾಗ ನಾಳೆ ಎದುರಾಗುವುದೇನು ಎಂಬುದು ಪೂರ್ತಿ ಗೊತ್ತಿತ್ತು. ಪ್ರತಿ ಬೆಳಿಗ್ಗೆ ಹೊಸದಾಗಿ ತೀರ್ಮಾನ ಮಾಡಬೇಕಿತ್ತು. ರಾಣೆ ನಾಲ್ಕು ಬೆಳಗುಗಳಲ್ಲೂ ಅದೇ ತೀರ್ಮಾನ ಮಾಡಿದರು. ನನ್ನ ಮಟ್ಟಿಗೆ ಅವರ ಹಿರಿಮೆಯ ತಿರುಳು ಇದೇ.

ಆಮೇಲಿನ ಬದುಕು

ಪರಮವೀರ ಚಕ್ರವನ್ನು ಸ್ಥಾಪಿಸಿದ್ದು 1950ರ ಜನವರಿ 26ರಂದು, 1947ರ ಆಗಸ್ಟ್ 15ರಿಂದಲೇ ಅನ್ವಯವಾಗುವಂತೆ. 1947-48ರ ಯುದ್ಧಕ್ಕೆ ಸಂದ ಐದು ಪರಮವೀರ ಚಕ್ರಗಳಲ್ಲಿ ಮೇಜರ್ ಸೋಮನಾಥ್ ಶರ್ಮಾ, ಜದುನಾಥ್ ಸಿಂಗ್, ಪೀರು ಸಿಂಗ್ ಅವರಿಗೆ ಬಂದದ್ದು ಮರಣೋತ್ತರವಾಗಿ. ಬದುಕುಳಿದು ಪಡೆದವರು ಇಬ್ಬರೇ: ರಾಣೆ ಮತ್ತು ತಿಥ್ವಾಲ್‌ನ ಕರಮ್ ಸಿಂಗ್. ಇಂದಿನವರೆಗೆ ಈ ಗೌರವ ಸಂದಿರುವುದು 21 ಜನರಿಗೆ ಮಾತ್ರ, ಅವರಲ್ಲಿ 14 ಮಂದಿಗೆ ಮರಣೋತ್ತರ.

ರಾಣೆಯವರು 1968ರಲ್ಲಿ ಮೇಜರ್ ಆಗಿ ನಿವೃತ್ತರಾದರು. 28 ವರ್ಷಗಳ ಸೇವೆಯಲ್ಲಿ ಐದು ಬಾರಿ ಯುದ್ಧ ವರದಿಗಳಲ್ಲಿ ಅವರ ಹೆಸರಿನ ವಿಶೇಷ ಉಲ್ಲೇಖವಾಗಿತ್ತು. 1994ರ ಜುಲೈ 11ರಂದು ಪುಣೆಯಲ್ಲಿ ನಿಧನರಾದಾಗ ಅವರಿಗೆ 76 ವರ್ಷ. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ, ಚಪಲ್ ಯುದ್ಧನೌಕೆ ಸಂಗ್ರಹಾಲಯದ ಪಕ್ಕ, 2006ರಿಂದ ಅವರ ಪ್ರತಿಮೆಯಿದೆ. ಭಾರತೀಯ ನೌಕಾಯಾನ ನಿಗಮದ ಒಂದು ತೈಲ ಹಡಗು ಅವರ ಹೆಸರು ಹೊತ್ತು ಸಾಗಿತ್ತು. 2023ರ ಜನವರಿ 23ರಂದು ಅಂಡಮಾನ್ ನಿಕೋಬಾರಿನ ಹೆಸರಿಲ್ಲದ 21 ದೊಡ್ಡ ದ್ವೀಪಗಳಿಗೆ ಪರಮವೀರರ ಹೆಸರಿಟ್ಟಾಗ, ಒಂದು ದ್ವೀಪ ರಾಣೆಯವರದಾಯಿತು.

ಪ್ರತಿಮೆ, ಹಡಗು, ದ್ವೀಪ ಎಲ್ಲವೂ ಸರಿಯಾದ ಗೌರವಗಳೇ. ಆದರೆ ಪ್ರತಿಮೆಯ ಮುಂದೆ ಫೋಟೊ ತೆಗೆಸಿಕೊಳ್ಳುವ ಮಕ್ಕಳಿಗೆ ಈ ಮನುಷ್ಯ ಏನು ಮಾಡಿದರು ಎಂಬುದನ್ನು ಯಾರಾದರೂ ಹೇಳಬೇಕು. ಶತ್ರುಗಳ ವಿರುದ್ಧ ವೀರಾವೇಶದಿಂದ ಹೋರಾಡಿದರು ಎಂಬ ಒಂದು ಸಾಲಿನಲ್ಲಿ ಮುಗಿಸಿದರೆ ರಾಣೆಯವರಿಗೆ ಅನ್ಯಾಯವಾಗುತ್ತದೆ. ಏಪ್ರಿಲ್ 8ರಿಂದ 11ರವರೆಗಿನ ಆ ವೇಳಾಪಟ್ಟಿಯನ್ನು ಕನ್ನಡದ ಪಠ್ಯಪುಸ್ತಕದಲ್ಲಿ ಗಂಟೆಗಂಟೆಯಾಗಿ ಕೊಡಬೇಕು. ಟ್ಯಾಂಕುಗಳು ಚಿಂಗಸ್ ಮುಟ್ಟಿದ ಮೇಲೂ ಅವರು ಹಿಂದೆ ಉಳಿದು ಲಾರಿಗಳಿಗಾಗಿ ರಸ್ತೆ ಮಾಡಿದ್ದೇಕೆ ಎಂದು ಮಕ್ಕಳನ್ನು ಕೇಳಬೇಕು. ಅದಕ್ಕೆ ಉತ್ತರ ಹುಡುಕುವ ಮಗುವಿಗೆ ಧೈರ್ಯದ ಜೊತೆಗೆ ಹೊಣೆಗಾರಿಕೆಯೂ ಅರ್ಥವಾಗುತ್ತದೆ.

ಇಂದಿಗೂ ಗಡಿಯ ಹಿಮದಲ್ಲಿ, ಕುಸಿಯುವ ಗುಡ್ಡಗಳಲ್ಲಿ, ಪ್ರವಾಹದ ಊರುಗಳಲ್ಲಿ ಸೇನೆಗೂ ಜನರಿಗೂ ದಾರಿ ಮಾಡಿಕೊಡುತ್ತಿರುವವರು ಇದೇ ಎಂಜಿನಿಯರ್ ದಳದವರು. ಅವರ ಕೆಲಸ ಮುಗಿದ ಮೇಲೆ ಉಳಿಯುವುದು ಒಂದು ರಸ್ತೆ, ಒಂದು ಸೇತುವೆ. ಅದರ ಮೇಲೆ ಹೋಗುವವರಿಗೆ ಕಟ್ಟಿದವರ ಹೆಸರು ಗೊತ್ತಿರುವುದಿಲ್ಲ. ಅಂಥವರ ಪೈಕಿ ಒಬ್ಬರಿಗಾದರೂ ದೇಶ ತನ್ನ ಅತ್ಯುನ್ನತ ಶೌರ್ಯ ಪದಕ ಕೊಟ್ಟು ಹೆಸರು ಉಳಿಸಿಕೊಂಡಿದೆ. ಆ ಒಬ್ಬರು ನಮ್ಮ ಜಿಲ್ಲೆಯೊಂದರಿಂದ ಹೋದವರು. ಹಾಗಿರುವಾಗ ಅವರ ಕಥೆಯನ್ನು ಸರಿಯಾಗಿ, ಪೂರ್ತಿಯಾಗಿ, ಕನ್ನಡದಲ್ಲಿ ಹೇಳುವ ಮೊದಲ ಹೊಣೆ ನಮ್ಮದೇ.